ಪೊರಕೆಗೆ ಯಾವ ಪಂಕ್ತಿ?

ನಮ್ಮ ಮನೆಯ ಚಾಕು ಈಚೆಗೆ ಹಳದಿ ಚೀಟಿ ಧರಿಸಿಕೊಂಡು ಬಾಳುತ್ತಿದೆ. ಚಾಕು ಮಾತ್ರವಲ್ಲ, ಚಮಚ, ಕತ್ತರಿ, ಕುರ್ಚಿ, ಕುಟ್ಟಾಣಿ, ಗ್ಯಾರೇಜಿನಲ್ಲಿ ತುಕ್ಕು ಹಿಡಿಯುತ್ತ ಕೂತ ಗರಗಸ, ಹೀಗೆ ಹೂಸ್ಟನ್ ಪಕ್ಕದ ಕೇಟಿ ಎಂಬ ಊರಿನ ಈ ಬಾಡಿಗೆ ಮನೆಯಲ್ಲಿ ಕೈಗೆ ಸಿಗುವ ಪ್ರತಿಯೊಂದು ಸಲಕರಣೆಯ ಹಣೆಗೂ ಒಂದೊಂದು ಚೀಟಿ ಅಂಟಿದೆ, ಅದರ ಮೇಲೆ ಕನ್ನಡದ ಅಕ್ಷರಗಳಲ್ಲಿ ಕನ್ನಡವಲ್ಲದ ಒಂದು ಪದವಿದೆ. ಬಂದವರು ಇದು ಮನೆಯೋ ಮ್ಯೂಸಿಯಮ್ಮೋ ಎಂದು ಒಂದು ಕ್ಷಣ ತಬ್ಬಿಬ್ಬಾಗುತ್ತಾರೆ. ಎಲ್ಲಕ್ಕೂ ಅಂಟಿದ ಚೀಟಿ ಒಂದಕ್ಕೆ ಮಾತ್ರ ಬಹಳ ದಿನ ಅಂಟಲೊಲ್ಲದೆ ಹೋಯಿತು. ಅದು ಕಡ್ಡಿ ಪೊರಕೆ. ಗೊಂಚಲು ಗೊಂಚಲಾದ ಅದರ ಮೈಯಲ್ಲಿ ಅಂಟು ಹಿಡಿಯುವಷ್ಟು ಸಪಾಟು ಜಾಗವಿಲ್ಲ. ಬೆಳಿಗ್ಗೆ ಅಂಟಿಸಿದರೆ ಮಧ್ಯಾಹ್ನಕ್ಕೆ ಚೀಟಿ ನೆಲದ ಮೇಲೆ ಬಿದ್ದಿರುತ್ತಿತ್ತು, ಪೊರಕೆಯೇ ಅದನ್ನು ಗುಡಿಸಿ ಹಾಕಬೇಕಾಗುತ್ತಿತ್ತು.

ಚೀಟಿಗಳ ಭಾಷೆ ಸ್ವಾಹಿಲಿ. ನಾನು ಹೂಸ್ಟನ್ನಿನ ಒಂದು ಸಂಸ್ಥೆಯಲ್ಲಿ ಕುಡಿಯುವ ನೀರಿನ ಕೊಳವೆಗಳ ನಕ್ಷೆ ಬರೆಯುವವಳು. ನಮ್ಮ ವಂಶದಲ್ಲಿ ಪದವಿ ಎಂಬುದನ್ನು ಮೊದಲು ಕಂಡವಳೂ ನಾನೇ. ಇದನ್ನು ನಾಚಿಕೆಯಿಲ್ಲದೆ ಹೇಳಿಕೊಳ್ಳುತ್ತೇನೆ, ನಾಚಿಕೊಳ್ಳಲು ಬೇಕಾದ ಬಿಡುವು ಆ ಪದವಿ ಪಡೆಯುವಾಗ ಸಿಗಲಿಲ್ಲ. ಮುಂದಿನ ವರ್ಷ ಟಾಂಜಾನಿಯಾದ ಕರಾವಳಿಯ ಊರೊಂದಕ್ಕೆ ಕೆಲಸದ ಮೇಲೆ ಹೋಗಬೇಕಾಗಿದೆ. ಅದಕ್ಕಾಗಿ ಪ್ರತಿ ಶನಿವಾರ ಬೆಳಿಗ್ಗೆ ಮನೆಯ ಹತ್ತಿರದ ಲೈಬ್ರರಿಯ ಒಂದು ಕೋಣೆಯಲ್ಲಿ ಬಿ ರೆಹೆಮಾ ಅವರ ಮುಂದೆ ಕೈಕಟ್ಟಿ ಕೂರುತ್ತೇನೆ. 'ಬಿ' ಎಂದರೆ ನಮ್ಮಲ್ಲಿ 'ಅಮ್ಮನವರು' ಅಂದಹಾಗೆ. ಟಾಂಜಾನಿಯಾದ ಟಾಂಗಾ ಊರಿನವರು, ಪುಟ್ಟ ಆಕೃತಿ, ಗುಡುಗಿನ ಕಂಠ. ವ್ಯಾಕರಣವನ್ನು ಹಲಗೆಯ ಮೇಲೆ ಬರೆದು ಕಲಿಸುವುದು ಅವರಿಗೆ ಆಗದು. ಮನೆಯಿಂದ ತಲಾ ಒಂದೊಂದು ಸಾಮಾನು ತರಹೇಳುತ್ತಾರೆ, ಉದ್ದದ ಮೇಜಿನ ಮೇಲೆ ಅವನ್ನು ಪಂಕ್ತಿ ಪಂಕ್ತಿಯಾಗಿ ಕೂರಿಸುತ್ತಾರೆ.

ಈ ಪಂಕ್ತಿಗಳೇ ಆ ಭಾಷೆಯ ಜೀವಾಳ. ಅಲ್ಲಿ ನಾಮಪದಗಳಿಗೆ ಗಂಡು ಹೆಣ್ಣು ಎಂಬ ಭೇದವಿಲ್ಲ. ಬದಲಿಗೆ ಹಲವು ವರ್ಗಗಳು, ಪ್ರತಿ ವರ್ಗಕ್ಕೂ ಮುಂದೆ ಅಂಟಿಕೊಳ್ಳುವ ಒಂದು ಪುಟ್ಟ ತಲೆ. ಚಾಕು ಕಿಸು, ಹಲವು ಚಾಕುಗಳು ವಿಸು. ಚಮಚ ಕಿಜಿಕೊ, ಚಮಚಗಳು ವಿಜಿಕೊ. ಕುರ್ಚಿ, ಬಟ್ಟಲು, ಒರಳು ಎಲ್ಲ ಇದೇ ಸಾಲು. ಗರಗಸ ಮ್ಸುಮೆನೊ, ಹಲವಾದರೆ ಮಿಸುಮೆನೊ. ಮೊಳೆ, ಕತ್ತರಿ, ಒನಕೆ ಇವುಗಳೂ ಅದರ ಬಳಗ. ಗಮನಿಸಿ, ಒರಳು ಒಂದು ಕುಲ, ಒನಕೆ ಇನ್ನೊಂದು ಕುಲ. ಆದರೂ ಅವು ಎಷ್ಟೋ ತಲೆಮಾರುಗಳಿಂದ ಒಂದಕ್ಕೊಂದು ಜೊತೆಯಾಗಿ ಭತ್ತ ಕುಟ್ಟುತ್ತಿವೆ, ಯಾರೂ ಪಂಚಾಯಿತಿ ಸೇರಿಸಿಲ್ಲ.

ಒಂದು ಶನಿವಾರ ನಾನು ತೆಗೆದುಕೊಂಡು ಹೋಗಿದ್ದುದು ಕಾರಿನ ಬೀಗದಕೈ. ಪಕ್ಕದ ವಿದ್ಯಾರ್ಥಿನಿ ಒಂದು ಪೊರಕೆ ತಂದಿದ್ದಳು. ಬಿ ರೆಹೆಮಾ ಎರಡನ್ನೂ ಎತ್ತಿ ಒಟ್ಟಿಗೆ ಇಟ್ಟರು. ಬೀಗದಕೈ ಉಫುಂಗುವೊ, ಪೊರಕೆ ಉಫಾಗಿಯೊ. ನೂಲು, ಮುಳ್ಳುಚಮಚ, ಸೌಟು ಎಲ್ಲ ಅದೇ ಪಂಕ್ತಿಯ ನೆಂಟರು. ನನಗೆ ಎಲ್ಲಿತ್ತೋ ಆ ಪ್ರಶ್ನೆ, "ಇವುಗಳಲ್ಲಿ ಯಾವ ವರ್ಗ ಮೇಲು?" ಎಂದುಬಿಟ್ಟೆ. ಅವರು ಕನ್ನಡಕ ಕೆಳಗಿಳಿಸಿ ನನ್ನನ್ನು ನೋಡಿದರು. ಮೇಲು ಅಂದರೇನು, ಇದೇನು ಮಹಡಿ ಮನೆಯೇ ಎಂದು ಇಂಗ್ಲಿಷಿನಲ್ಲಿ ಗದರಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಆ ಪ್ರಶ್ನೆ ನನ್ನ ನಾಲಗೆಯ ತುದಿಯಲ್ಲಿ ಹುಟ್ಟಿದ್ದಲ್ಲ, ನಾನು ಹುಟ್ಟಿದ ಬೀದಿಯಲ್ಲಿ ಹುಟ್ಟಿದ್ದು ಎಂದು ಅವರಿಗೆ ಹೇಗೆ ಹೇಳಲಿ?

ನಮ್ಮ ಕನ್ನಡದ ವ್ಯಾಕರಣವನ್ನೇ ನೋಡಿ, ಸಲಕರಣೆಗಳ ವಿಷಯದಲ್ಲಿ ಅದು ಪರಮ ಸಮತಾವಾದಿ. ಖಡ್ಗವೂ ಅದು, ಸಟ್ಟುಗವೂ ಅದು, ವೀಣೆಯೂ ಅದು, ಪೊರಕೆಯೂ ಅದು. ಸ್ವಾಹಿಲಿಯವರು ಸಾಮಾನುಗಳನ್ನು ಇಷ್ಟೊಂದು ವರ್ಗಗಳಾಗಿ ವಿಂಗಡಿಸಿಯೂ ಒಂದರ ತಲೆಯ ಮೇಲೆ ಇನ್ನೊಂದನ್ನು ಕೂರಿಸಲಿಲ್ಲ. ನಾವು ವ್ಯಾಕರಣದಲ್ಲಿ ಯಾವ ವಿಂಗಡಣೆಯನ್ನೂ ಮಾಡದೆ, ಮನೆಯಲ್ಲಿ ಮಾತ್ರ ಪೊರಕೆಯನ್ನು ಬಾಗಿಲ ಹಿಂದೆ ನಿಲ್ಲಿಸಿದೆವು, ಪೊರಕೆ ಹಿಡಿದವರನ್ನು ಬಾಗಿಲ ಹೊರಗೆ ನಿಲ್ಲಿಸಿದೆವು.

ಇಷ್ಟು ಸಿಟ್ಟು ಯಾಕೆ ಎನ್ನುತ್ತೀರಾ? ಹೇಳುತ್ತೇನೆ. ನನ್ನ ಅವ್ವ ಮೈಸೂರಿನಲ್ಲಿ ಪೌರಕಾರ್ಮಿಕಳಾಗಿದ್ದವಳು. ಕೋಳಿ ಕೂಗುವ ಮೊದಲು ಎದ್ದು ಬೇರೆಯವರ ಬೀದಿಗಳನ್ನು ಗುಡಿಸಿ, ಆ ಪೊರಕೆಯ ಕಡ್ಡಿಗಳಿಂದಲೇ ನನಗೆ ಕಾಲೇಜು ಕಟ್ಟಿಸಿಕೊಟ್ಟವಳು. ಯಾರು ಕೇಳಿದರೂ ನಾನು ಇದನ್ನು ನೇರವಾಗಿಯೇ ಹೇಳುತ್ತೇನೆ, ಹೇಳಿದ ಮೇಲೆ ಕೇಳಿದವರ ಮುಖ ನೋಡುವುದು ನನಗೊಂದು ಹವ್ಯಾಸ. ಡಲ್ಲಾಸ್ ಕಡೆಯ ಅಲೆನ್‌ನಲ್ಲಿ ಒಂದು ಗೃಹಪ್ರವೇಶಕ್ಕೆ ಹೋಗಿದ್ದಾಗ ರೇಷ್ಮೆ ಸೀರೆಯ ಒಬ್ಬ ಆಂಟಿ ಅಕ್ಕರೆಯಿಂದ "ಅಮ್ಮ ಏನ್ ಮಾಡ್ತಿದ್ರು ಪುಟ್ಟಾ?" ಎಂದು ಕೇಳಿದರು. "ಮೈಸೂರಲ್ಲಿ ಬೀದಿ ಗುಡಿಸ್ತಿದ್ರು ಆಂಟಿ" ಎಂದೆ. ಅವರು ಒಂದು ಗಳಿಗೆ ಯೋಚಿಸಿ, "ಓ, ಸೋಷಿಯಲ್ ಸರ್ವೀಸಾ? ಹೌ ನೈಸ್!" ಎಂದರು. ಅಲ್ಲ ಆಂಟಿ, ಕೆಲಸ ಎಂದೆ. ತಕ್ಷಣವೇ ಅವರಿಗೆ ತಟ್ಟೆಯಲ್ಲಿದ್ದ ಬೋಂಡಾದ ರಚನೆಯಲ್ಲಿ ಅಪಾರ ಕುತೂಹಲ ಹುಟ್ಟಿಬಿಟ್ಟಿತು.

ಅದಕ್ಕೂ ಮೊದಲು ಆಸ್ಟಿನ್ನಿನಲ್ಲಿ ಓದುತ್ತಿದ್ದಾಗ, ಕನ್ನಡದ ಹುಡುಗಿಯರೇ ಸೇರಿ ಮಾಡಿದ್ದ ಬಾಡಿಗೆ ಮನೆಯಲ್ಲಿ ಕೆಲಸ ಹಂಚಿಕೊಳ್ಳುವ ದಿನ ಪೊರಕೆ ತಾನಾಗಿಯೇ ನನ್ನ ಕಡೆಗೆ ನಡೆದು ಬಂತು. "ನಿಂಗೆ ಇದೆಲ್ಲಾ ಬರುತ್ತಲ್ವಾ, ಪ್ಲೀಸ್ ಕಣೇ, ನೀನು ಕ್ಲೀನಿಂಗ್ ತಗೋ, ಕುಕಿಂಗ್ ನಾವ್ ನೋಡ್ಕೋತೀವಿ" ಎಂದಳು ಜಯನಗರದ ಗೆಳತಿ, ಬಹಳ ಪ್ರೀತಿಯಿಂದ. ದ್ವೇಷದಿಂದ ಹೇಳಿದ್ದರೆ ಬೈದುಬಿಡಬಹುದಿತ್ತು. ಈ ಪ್ರೀತಿಯಿಂದ ಹೇಳುವವರ ಮುಂದೆ ಬೈಗುಳಗಳೆಲ್ಲ ಸಭ್ಯವಾಗಿ ಕೂತುಬಿಡುತ್ತವೆ. ಅದಕ್ಕೆ ನನ್ನ ಸಿಟ್ಟು ಈಗ ಪ್ರಬಂಧವಾಗಿ ಹೊರಡುತ್ತಿದೆ.

ಈ ಸಲ ಬೇಸಿಗೆಯ ಕೊನೆಗೆ ಅವ್ವ ನನ್ನ ಮನೆಗೆ ಬಂದಳು. ನಿವೃತ್ತಳಾದ ಕೈಗಳಿಗೆ ಕೇಟಿಯಲ್ಲಿ ಮಾಡಲು ಏನೂ ಇರಲಿಲ್ಲ. ಸಂಜೆ ವಾಕಿಂಗ್ ಹೋದಾಗ, ಯಾರದೋ ಅಂಗಳದ ತಾಳೆಯಂಥ ಮರವನ್ನು ಸವರಿ ಗರಿಗಳನ್ನು ರಸ್ತೆಬದಿಗೆ ರಾಶಿ ಹಾಕಿದ್ದು ಅವಳ ಕಣ್ಣಿಗೆ ಬಿತ್ತು. ಮನೆಯವರನ್ನು ನಾನು ಕೇಳುವುದರೊಳಗೆ ಅವಳು ಅರ್ಧ ರಾಶಿಯನ್ನು ಹೆಗಲಿಗೆ ಹಾಕಿಕೊಂಡಿದ್ದಳು. ಗ್ಯಾರೇಜಿನಲ್ಲಿ ಕೂತು, ಹಳದಿ ಚೀಟಿ ಅಂಟಿದ ನನ್ನ ಕಿಸುವಿನಿಂದಲೇ ಗರಿ ಸೀಳಿ, ಕಡ್ಡಿ ಹೆರೆದು, ಬಿಸಿಲಿಗೆ ಒಣಗಿಸಿ, ಬಿಗಿಯಾಗಿ ಕಟ್ಟಿ, ನೆಲಕ್ಕೆ ಕುಟ್ಟಿ ಬುಡ ಸಮ ಮಾಡಿದಳು. ಟೆಕ್ಸಸ್ಸಿನ ಮರದಲ್ಲಿ ಮೈಸೂರಿನ ಪೊರಕೆ ಹುಟ್ಟಿತು. ಮಾರನೆಯ ಬೆಳಿಗ್ಗೆ ನಮ್ಮ ಮನೆಯ ಮುಂದಿನ ಸಿಮೆಂಟಿನ ಮೇಲೆ ಸೊಯ್ ಸೊಯ್ ಎಂಬ ಸದ್ದು ಕೇಳಿ ಎಚ್ಚರಾದಾಗ, ನಾನು ಶಾಲೆಯ ಹುಡುಗಿಯೇನೋ, ಇನ್ನೂ ಹೋಮ್‌ವರ್ಕ್ ಮುಗಿದಿಲ್ಲವೇನೋ ಎಂದು ಗಾಬರಿಯಾಯಿತು.

ಅಷ್ಟರಲ್ಲಿ ಆಯುಧಪೂಜೆ ಬಂತು. ಅವ್ವನಿಗೆ ವರ್ಷದಲ್ಲಿ ಅದೊಂದೇ ಹಬ್ಬ, ಉಳಿದವೆಲ್ಲ ಬೇರೆಯವರ ಹಬ್ಬದ ಕಸ. ವಾರ್ಡ್ ಆಫೀಸಿನ ಅಂಗಳದಲ್ಲಿ ತಳ್ಳುಗಾಡಿಗಳನ್ನು ತೊಳೆದು ಸಾಲಾಗಿ ನಿಲ್ಲಿಸಿ, ಪೊರಕೆ, ಸಲಿಕೆ, ಮಂಕರಿಗಳಿಗೆ ಚೆಂಡುಹೂ ಮುಡಿಸಿ, ಅರಿಶಿನ ಕುಂಕುಮ ಹಚ್ಚಿ, ಬೂದುಗುಂಬಳ ಒಡೆದು, ಕಡ್ಲೆಪುರಿ ಹಂಚಿ ತಿನ್ನುತ್ತಿದ್ದರು. ಪೂಜೆಯಾದ ಪೊರಕೆಗೆ ಆ ದಿನ ರಜೆ. ಮರುದಿನ ಅದೇ ಪೊರಕೆ ಹಿಡಿದು, ಇಡೀ ಊರು ತನ್ನ ತನ್ನ ಕಾರು ಸ್ಕೂಟರುಗಳಿಗಾಗಿ ಒಡೆದು ಬಿಸಾಕಿದ ಕುಂಬಳಕಾಯಿಗಳನ್ನು ಗುಡಿಸಬೇಕು. ಕೆಲಸಕ್ಕೆ ಸೇರಿದ ಲಾಗಾಯ್ತು ಅವ್ವ ಒಂದು ನೇಮ ಬಿಟ್ಟಿಲ್ಲ: ಅಂದು ಪೊರಕೆಗೆ ಆರತಿ ಆಗುವತನಕ ಅವಳು ಬಾಯಿಗೆ ಅನ್ನ ಇಡುವುದಿಲ್ಲ.

ಪಕ್ಕದ ಸೈಪ್ರೆಸ್ ಊರಿನ ವಿಜಯಾ ಆಂಟಿ ಈ ಕಡೆಯ ಕನ್ನಡಿಗರನ್ನೆಲ್ಲ ತಮ್ಮ ದೊಡ್ಡ ಮನೆಯಲ್ಲಿ ಸೇರಿಸಿ ಪೂಜೆ ಮಾಡಿಸುವವರು. "ನಿಮ್ ನಿಮ್ ಟೂಲ್ಸ್ ತನ್ನಿ, ಒಟ್ಟಿಗೆ ಪೂಜೆ ಆಗ್ಲಿ" ಎಂದು ಕರೆದರು. ಅವ್ವನ ಕಣ್ಣು ಅರಳಿತು. ಪೊರಕೆಯನ್ನು ಉಪ್ಪು ನೀರಿನಲ್ಲಿ ತೊಳೆದು, ಹಿಡಿಗೆ ಹೊಸ ಕೆಂಪು ದಾರ ಸುತ್ತಿ, ಜರಿಯ ಟವೆಲಿನಲ್ಲಿ ಮಗುವನ್ನು ಸುತ್ತಿದಂತೆ ಸುತ್ತಿಕೊಂಡಳು. ದಾರಿಯುದ್ದಕ್ಕೂ ತೊಡೆಯ ಮೇಲೆಯೇ ಇಟ್ಟುಕೊಂಡಿದ್ದಳು. ಬೆಳಗಿನಿಂದ ಏನೂ ತಿಂದಿರಲಿಲ್ಲ.

ಅಲ್ಲಿ ಮೇಜಿನ ಮೇಲೆ ಮೈಸೂರು ಸಿಲ್ಕ್ ಹಾಸಿತ್ತು. ಅದರ ಮೇಲೆ ಲ್ಯಾಪ್‌ಟಾಪುಗಳು, ಮಕ್ಕಳ ಪಿಟೀಲು, ಆಂಟಿಯ ಗಂಡ ಪ್ರಸಾದ್ ಅಂಕಲ್ ಅವರ ಡ್ರಿಲ್ಲು (ಪೆಟ್ಟಿಗೆಯ ಸೀಲು ಇನ್ನೂ ಒಡೆದಿರಲಿಲ್ಲ), ಅಡುಗೆಮನೆಯ ಚಾಕುಗಳು, ಬೆಳ್ಳಿತಟ್ಟೆಯಲ್ಲಿ ಎಲ್ಲರ ಕಾರಿನ ಬೀಗದಕೈಗಳು. ನನ್ನದನ್ನೂ ಇಸಿದುಕೊಂಡು ತಟ್ಟೆಗೆ ಹಾಕಿದರು. ಪುರೋಹಿತರು ಟಿವಿಯ ಪರದೆಯಲ್ಲಿ ಆಗಲೇ ಆಚಮನ ಮಾಡುತ್ತಿದ್ದರು. ಅವ್ವ ಟವೆಲು ಬಿಡಿಸಿದಳು.

"ಅಯ್ಯೋ ಅಮ್ಮ, ಇದನ್ನೆಲ್ಲಾ ಯಾಕ್ ತರೋಕ್ ಹೋದ್ರಿ!" ಎಂದರು ವಿಜಯಾ ಆಂಟಿ ನಗುತ್ತಲೇ. ಎರಡು ಬೆರಳಿನ ತುದಿಯಲ್ಲಿ ಅದರ ಹಿಡಿಯನ್ನು ಹಿಡಿದು, ಅತ್ತ ಗ್ಯಾರೇಜಿನ ಬಾಗಿಲು ತೆರೆದು, ಎಲ್ಲರ ಚಪ್ಪಲಿಗಳ ಪಕ್ಕ ಒರಗಿಸಿ, ವಾಪಸು ಬಂದು ಕೈ ತೊಳೆದುಕೊಂಡರು. ಇದೆಲ್ಲ ಎಷ್ಟು ಸರಾಗವಾಗಿ ನಡೆಯಿತೆಂದರೆ, ಟವೆಲು ಹಿಡಿದ ಅವ್ವನ ಕೈಗಳು ಇನ್ನೂ ಚಾಚಿದಂತೆಯೇ ಇದ್ದವು.

"ಆಂಟಿ, ಅದು ಪೂಜೆಗೇ ತಂದಿದ್ದು" ಎಂದೆ.

"ಗೊತ್ತು ಕಣೇ. ಆದ್ರೆ ದೇವ್ರ ಮುಂದೆ ಪೊರಕೆ ಇಡೋದಾ? ಪೊರಕೆ ಅಂದ್ರೆ ಲಕ್ಷ್ಮೀನೇ, ನಾನೇನ್ ಇಲ್ಲ ಅನ್ನಲ್ಲ. ಆದ್ರೆ ಅದಕ್ಕೆ ಅದರದ್ದೇ ಜಾಗ ಇದೆಯಲ್ವಾ?"

ಆಗ ನನ್ನ ಕಣ್ಣು ಮೇಜಿನ ನಡುವೆ ಬಿತ್ತು. ಲ್ಯಾಪ್‌ಟಾಪುಗಳ ಮಧ್ಯೆ, ಕಪ್ಪಗೆ, ದುಂಡಗೆ, ದೊಡ್ಡ ರೊಟ್ಟಿಯಂಥದೊಂದು ಯಂತ್ರ ಚೆಂಡುಹೂವಿನ ಹಾರ ಹಾಕಿಸಿಕೊಂಡು ಪೀಠಾಧಿಪತಿಯ ಹಾಗೆ ಕೂತಿತ್ತು. ನೆತ್ತಿಯ ಮೇಲೆ ಸ್ವಸ್ತಿಕ, ಪಕ್ಕದಲ್ಲಿ ನಿಂಬೆಹಣ್ಣು.

"ಇದೇನು ಆಂಟಿ?"

"ನಮ್ ಚಿಂಟು! ಮಕ್ಕಳೇ ಹೆಸರಿಟ್ಟಿರೋದು. ರೋಬೋ ಕಣೇ."

"ಏನ್ ಮಾಡುತ್ತೆ ಇದು?"

"ಇಡೀ ಮನೆ ಕಸ ಗುಡ್ಸುತ್ತೆ, ಪಾಪ" ಎಂದರು ಅವರು. ಹೇಳಿದ ಮೇಲೆ ಬಾಯಿ ಸ್ವಲ್ಪ ಹೊತ್ತು ತೆರೆದೇ ಇತ್ತು.

ನಾಲ್ಕೈದು ಜೊತೆ ಕಣ್ಣುಗಳು ಚಿಂಟುವಿನಿಂದ ಗ್ಯಾರೇಜಿನ ಬಾಗಿಲಿಗೆ ಹೋಗಿ ಬಂದವು. ಪರದೆಯ ಪುರೋಹಿತರು ಮಾತ್ರ, ಸದ್ದು ಒಂದಿಷ್ಟು ತಡವಾಗಿ ತಲುಪುತ್ತಿದ್ದುದರಿಂದ, ಗಣಪತಿಯನ್ನು ಸ್ತುತಿಸುತ್ತಲೇ ಇದ್ದರು. ನಾನು ಚಿಂಟುವನ್ನು ಎತ್ತಿ ಅಂಗಾತ ಮಾಡಿ ತೋರಿಸಿದೆ. ಅದರ ಹೊಟ್ಟೆಯ ಬ್ರಷ್ಷಿನಲ್ಲಿ ಕೂದಲು, ನಾಯಿಯ ರೋಮ, ಒಂದು ಒಣಗಿದ ಬಟಾಣಿ. ನಮ್ಮ ಪೊರಕೆ ಇನ್ನೂ ಉಪ್ಪು ನೀರಿನ ಸ್ನಾನದ ವಾಸನೆಯಲ್ಲಿತ್ತು.

"ಅಯ್ಯೋ, ಅದು ಮಷೀನ್ ಕಣೇ" ಎಂದರು ಆಂಟಿ.

ಪ್ರಸಾದ್ ಅಂಕಲ್ ಪಂಚೆ ಸರಿಮಾಡಿಕೊಂಡು ಮಧ್ಯೆ ಬಂದರು. "ಎಲ್ಲಾದ್ರಲ್ಲೂ ಇಷ್ಯೂ ಮಾಡ್ಬೇಡಮ್ಮಾ. ಇದೇನ್ ಇಂಡಿಯಾನಾ?"

ಪಂಚೆಯುಟ್ಟು, ಸಿಲ್ಕ್ ಹಾಸಿ, ದೂರದ ಪುರೋಹಿತರನ್ನು ಪರದೆಗೆ ಬರಮಾಡಿಕೊಂಡು, ನಿಂಬೆಹಣ್ಣಿನಿಂದ ಹಿಡಿದು ವೀಳ್ಯದೆಲೆಯ ತನಕ ಎಲ್ಲವನ್ನೂ ಈ ನೆಲಕ್ಕೆ ತಂದವರಿಗೆ, ಪೊರಕೆಯನ್ನು ಕಂಡಾಗ ಮಾತ್ರ ಇದು ಇಂಡಿಯಾ ಅಲ್ಲ ಎಂದು ನೆನಪಾಗುತ್ತದೆ. ನಾನು ಗ್ಯಾರೇಜಿಗೆ ಹೋಗಿ, ಚಪ್ಪಲಿಗಳ ನಡುವಿನಿಂದ ಪೊರಕೆ ತಂದು, ಚಿಂಟುವಿನ ಪಕ್ಕದಲ್ಲೇ ಮಲಗಿಸಿದೆ. ಯಾರೂ ತಡೆಯಲಿಲ್ಲ. ತಡೆಯುವಷ್ಟು ಒರಟರು ಅವರಲ್ಲ.

ಮಂಗಳಾರತಿ ಎದ್ದಿತು. ವಿಜಯಾ ಆಂಟಿಯ ಕೈ ಬೆಳ್ಳಿತಟ್ಟೆಯಿಂದ ಹೊರಟು ಲ್ಯಾಪ್‌ಟಾಪುಗಳನ್ನು ಬೆಳಗಿ, ಪಿಟೀಲನ್ನು ಬೆಳಗಿ, ಸೀಲು ಒಡೆಯದ ಡ್ರಿಲ್ಲನ್ನು ಬೆಳಗಿ, ಚಿಂಟುವಿನ ತನಕ ಬಂದು, ಅಲ್ಲಿಂದ ತಿರುಗಿತು. ಮತ್ತೆ ಹೊರಟಿತು, ಮತ್ತೆ ಚಿಂಟುವಿನ ತನಕ ಬಂದು ತಿರುಗಿತು. ದೀಪದ ಬೆಳಕು ಎಲ್ಲಿ ನಿಲ್ಲಬೇಕೋ ಆ ಗೆರೆಯನ್ನು ಆ ಕೈಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವ್ವ ಅದನ್ನೇ ನೋಡುತ್ತಿದ್ದಳು. ಬಹಳ ಬೀದಿಗಳನ್ನು ನೋಡಿದ ಕಣ್ಣು ಅದು, ಅದಕ್ಕೆ ಗೆರೆಗಳು ಕಾಣುತ್ತವೆ. ಆರತಿ ಇಳಿಯುವ ಮೊದಲೇ ಅವಳು ಮುಂದೆ ಬಂದು ಪೊರಕೆಯನ್ನು ಎತ್ತಿ ಟವೆಲಿಗೆ ಹಾಕಿಕೊಂಡಳು.

"ನಡಿ ಮಗಾ. ಮೂತಿ ತಿರುಗ್ಸ್ಕಂಡು ಎತ್ತೋ ಆರ್ತಿ ಇದ್ಕೆ ಬ್ಯಾಡ."

"ಅಮ್ಮ, ಊಟ ಮಾಡ್ಕೊಂಡ್ ಹೋಗಿ, ಬಿಸಿಬೇಳೆಬಾತ್ ಮಾಡ್ಸಿದ್ದೀನಿ" ಎಂದು ಆಂಟಿ ಹಿಂದೆಯೇ ಬಂದರು. ಅವರ ದನಿ ನಿಜವಾಗಿಯೂ ನೊಂದಿತ್ತು.

ಅವ್ವ ಚಪ್ಪಲಿ ಮೆಟ್ಟುತ್ತ ಹೇಳಿದಳು: "ನಮ್ ಪರ್ಕೆ ಪೂಜೆ ಇನ್ನಾ ಆಗಿಲ್ಲ ಕನ್ ತಾಯಿ. ಅದಾಗೋಗಂಟ ನಾನು ಉಣ್ಣಾಕಿಲ್ಲ. ನೀವ್ ಉಣ್ಣಿ, ನಿಮ್ ಚಿಂಟುಗೂ ಇಕ್ಕಿ."

ನಾನು ಬೆಳ್ಳಿತಟ್ಟೆಯಿಂದ ನನ್ನ ಬೀಗದಕೈ ಆರಿಸಿಕೊಂಡೆ. ಕಾರಿನಲ್ಲಿ ನಾನು ಅಂಕಲ್ ಆಂಟಿಯರ ಕುಲಗೋತ್ರ ಜಾಲಾಡಲು ಶುರುಮಾಡಿದೆ. ಅವ್ವ ಸ್ವಲ್ಪ ಹೊತ್ತು ಕೇಳಿ, "ಕೂಗಾಡ್ಬ್ಯಾಡ, ರಸ್ತೆ ನೋಡ್ಕಂಡು ಓಡ್ಸು. ಕುಂಬಳಕಾಯ್ ಎಲ್ ಸಿಕ್ತದೆ ಅದ ಹೇಳು" ಎಂದಳು.

ಬೂದುಗುಂಬಳ ಸಿಗಲಿಲ್ಲ, ನಮ್ಮಂಥವರು ಬೆಳಿಗ್ಗೆಯೇ ಬಂದು ಇಂಡಿಯನ್ ಅಂಗಡಿಯನ್ನು ಬರಿದು ಮಾಡಿದ್ದರು. ಆದರೆ ಇದು ಅಮೆರಿಕದ ಅಕ್ಟೋಬರ್. ಮೂಲೆಯ ಅಂಗಡಿಯ ಮುಂದೆ, ದೆವ್ವದ ಮುಖ ಕೊರೆಯಲೆಂದು ಕೊಳ್ಳುವ ಕಿತ್ತಳೆ ಬಣ್ಣದ ಕುಂಬಳಗಳು ಗುಡ್ಡೆಯಾಗಿ ಬಿದ್ದಿದ್ದವು. ಅವ್ವ ತಟ್ಟಿ ನೋಡಿ ಒಂದನ್ನು ಆರಿಸಿದಳು. ನಮ್ಮ ಮನೆಯ ಮುಂದೆ, ಸಂಜೆಯ ಬೆಳಕಿನಲ್ಲಿ, ಅಡುಗೆಮನೆಯ ಸ್ಟೂಲನ್ನು ಹೊರಗೆ ತಂದು ಅದರ ಮೇಲೆ ಪೊರಕೆಯನ್ನಿಟ್ಟಳು. ಪಕ್ಕದಲ್ಲಿ ಜಾಗ ಖಾಲಿಯಿತ್ತು. ನಾನು ನನ್ನ ಬೀಗದಕೈಯನ್ನು ಅಲ್ಲಿ ಇಟ್ಟೆ. ಬಿ ರೆಹೆಮಾ ಅವರ ಮೇಜಿನ ಮೇಲೆ ಇದ್ದ ಹಾಗೆಯೇ, ಉಫಾಗಿಯೊ, ಉಫುಂಗುವೊ. ಅವ್ವನ ದೀಪ ಎರಡನ್ನೂ ಸುತ್ತಿ ಬಂತು. ಎಲ್ಲಿಯೂ ನಿಲ್ಲಲಿಲ್ಲ. ಆಮೇಲೆ ಅವಳು ಕುಂಬಳವನ್ನು ಎರಡೂ ಕೈಯಲ್ಲಿ ತಲೆಯ ಮೇಲೆತ್ತಿ ಸಿಮೆಂಟಿಗೆ ಅಪ್ಪಳಿಸಿದ ರಭಸ ಹೇಗಿತ್ತೆಂದರೆ, ಎದುರು ಮನೆಯವರು ಬಾಗಿಲು ತೆರೆದು ನೋಡಿ ಮತ್ತೆ ಮುಚ್ಚಿಕೊಂಡರು. ಅವಳ ಸಿಟ್ಟು ಎಷ್ಟಿತ್ತೆಂದು ನನಗೆ ಆಗ ಗೊತ್ತಾಯಿತು. ಆಮೇಲೆ ಒಳಗೆ ಹೋಗಿ ಅನ್ನ ಸಾರು ಕಲಸಿಕೊಂಡು ಹೊಟ್ಟೆ ತುಂಬ ಉಂಡಳು.

ಪೊರಕೆಗೆ ರಜೆಯಾದ್ದರಿಂದ ಆ ದಿನ ಕುಂಬಳದ ಹೋಳುಗಳು ಅಲ್ಲೇ ಬಿದ್ದಿದ್ದವು, ಅಳಿಲುಗಳಿಗೆ ಹಬ್ಬವಾಯಿತು. ಮಾರನೆಯ ಬೆಳಿಗ್ಗೆ ಅವ್ವ ಏಳುವ ಮೊದಲೇ ನಾನು ಎದ್ದು ಅದನ್ನೆಲ್ಲ ಗುಡಿಸಿದೆ. ಹಬ್ಬದ ಮರುದಿನದ ಕುಂಬಳಕಾಯಿ ಗುಡಿಸದೆ ಅವಳು ಮಲಗಿದ್ದ ಬೆಳಗು ಇನ್ನೊಂದು ನನ್ನ ನೆನಪಿನಲ್ಲಿಲ್ಲ.

ಇಲ್ಲಿಗೆ ಮುಗಿಸಿದ್ದರೆ ನಿಮಗೂ ನೆಮ್ಮದಿಯಿತ್ತು. ಆದರೆ ವಾರ ಕಳೆಯುವುದರೊಳಗೆ ವಿಜಯಾ ಆಂಟಿಯ ಫೋನ್ ಬಂತು. ದನಿಯಲ್ಲಿ ಅದೇ ಅಕ್ಕರೆ. "ಬೇಜಾರ್ ಮಾಡ್ಕೋಬೇಡ್ವೇ. ಅಂದ್ಹಾಗೆ ಅಮ್ಮಂಗೆ ಹೇಳಿ ನಮಗೂ ಅಂಥದ್ದೊಂದು ಪೊರಕೆ ಮಾಡಿಸ್ಕೊಡ್ತೀಯಾ? ಪ್ಯಾಟಿಯೋ ತುಂಬಾ ಎಲೆ. ಚಿಂಟು ಕೈಲಿ ಹೊರಗಡೇದು ಆಗಲ್ಲ." ನಾನು ಬಾಯಿ ತೆರೆಯುವ ಮೊದಲೇ, ಸ್ಪೀಕರಿನಲ್ಲಿ ಎಲ್ಲವನ್ನೂ ಕೇಳಿಸಿಕೊಂಡ ಅವ್ವ ಒಳಗಿನಿಂದ ಕೂಗಿದಳು: "ಮಾಡ್ಕೊಡಾಕಿಲ್ಲ, ಕಲ್ಸಿಕೊಡ್ತೀನಿ ಅನ್ನು! ಗರಿ ಅವೆ, ಚಾಕು ಅದೆ. ಬಂದು ನನ್ ಪಕ್ಕ ಕುಂತ್ಕಂಡು ಕಡ್ಡಿ ಹೆರೀಲಿ."

ಖಂಡಿತ ಬರ್ತೀನಿ ಅಮ್ಮ ಎಂದರು ಆಂಟಿ. ಬಂದಿಲ್ಲ. ಗರಿಗಳು ಗ್ಯಾರೇಜಿನಲ್ಲಿ ಒಣಗುತ್ತಿವೆ. ಕುರ್ಚಿಯೊಂದನ್ನು ಅವ್ವ ಅಲ್ಲೇ ಹಾಕಿಟ್ಟಿದ್ದಾಳೆ, ಅದರ ಬೆನ್ನಿನ ಮೇಲೂ ಒಂದು ಹಳದಿ ಚೀಟಿಯಿದೆ, ಕಿತಿ ಎಂದು.

ಅಂದಹಾಗೆ ಪೊರಕೆಯ ಚೀಟಿ ಈಗ ಬೀಳುತ್ತಿಲ್ಲ. ಪೂಜೆಯ ಸಂಜೆ ಅವ್ವ ಅದನ್ನು ನೆಲದಿಂದ ಆರಿಸಿ, ಅರಿಶಿನ ಕುಂಕುಮವನ್ನು ಅನ್ನದ ಗಂಜಿಯಲ್ಲಿ ಕಲಸಿ, ಹಿಡಿಯ ಕೆಂಪು ದಾರದ ಮೇಲೆ ಮೆತ್ತಿಬಿಟ್ಟಿದ್ದಾಳೆ. ಓದು ಬಾರದವಳು, ತಲೆಕೆಳಗಾಗಿ ಅಂಟಿಸಿದ್ದಾಳೆ. ಕಿತ್ತು ನೇರ ಮಾಡಲು ಹೋದರೆ ಹರಿದೇ ಹೋಗುವಷ್ಟು ಗಟ್ಟಿಯಾಗಿದೆ. ಬರುವ ಶನಿವಾರ ಅದನ್ನು ಹಾಗೆಯೇ ಬಿ ರೆಹೆಮಾ ಅವರ ಮೇಜಿಗೆ ಒಯ್ಯುತ್ತೇನೆ, ಅವ್ವನನ್ನೂ ಕರೆದುಕೊಂಡು.